ನಾಯಕತ್ವ ತಂಡಕ್ಕೆ ಬಂದ ಜಗಳೂರಿನ ಅಕ್ಕ

ಅಕ್ಕ ಮೊದಲ ಸಭೆಗೆ ಬಂದದ್ದು ಹೊಸ ಸೀರೆ ಉಟ್ಟು, ಮುಖ ಗಂಟಿಕ್ಕಿಕೊಂಡು. ಜಗಳೂರಿನಿಂದ ದಾವಣಗೆರೆಗೆ ಬಂದು ಇಳಿಯುವಷ್ಟರಲ್ಲಿ ಚನ್ನಗಿರಿ ಬಸ್ಸು ಹೊರಟುಹೋಗಿತ್ತಂತೆ. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಚನ್ನಗಿರಿಯ ನಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತಲೇ, “ಮೀಟಿಂಗು ಕಂಪ್ಯೂಟರ್‌ನಾಗೇ ನಡಿಯೋದಾದ್ರೆ ನಮ್ಮೂರಿಗೇ ಒಂದು ಕಂಪ್ಯೂಟರ್ ಕಳಿಸಬಾರದೇನ್ರಿ?” ಅಂದಳು.

ನಾನು ನಗಲು ಹೋದೆ. ಅವಳು ನಗಲಿಲ್ಲ. ಮಾತು ಸರಿಯಾಗಿಯೇ ಇತ್ತು. ಆದರೆ ಜಗಳೂರಿನ ಆಚೆ ಅವಳ ಹಳ್ಳಿಯಲ್ಲಿ ಫೋನಿನ ಸಿಗ್ನಲ್ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅದೂ ಅಲ್ಲದೆ ಸಭೆ ನಡೆಯುವುದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ, ಅವಳ ಕನ್ನಡವನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದಾಗಿತ್ತು. ಹಾಗಾಗಿ ಅವಳು ನನ್ನ ಪಕ್ಕದಲ್ಲೇ ಕೂರಬೇಕಿತ್ತು.

ನಾನು ಹುಟ್ಟಿದ್ದು ಬಸವಾಪಟ್ಟಣದಲ್ಲಿ. ಹಲವು ವರ್ಷ ನರ್ಸ್ ಆಗಿ ದುಡಿದು, ಆಮೇಲೆ ಈ ಸಂಸ್ಥೆಗೆ ಸೇರಿದವಳು. ಸಂಸ್ಥೆ ಹಲವು ದೇಶಗಳಲ್ಲಿದೆ. ಉಳ್ಳವರಿಗೆ ಸಿಗುವ ಆರೈಕೆ ಇಲ್ಲದವರಿಗೂ ಸಿಗಬೇಕು ಎನ್ನುವುದು ಅದರ ಉದ್ದೇಶ. ನಮ್ಮ ಕಡೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಬಸುರಿಯರನ್ನೂ ಬಾಣಂತಿಯರನ್ನೂ ನೋಡಿಕೊಳ್ಳುವ ಕೆಲಸ ನಡೆಯುತ್ತದೆ. ಆ ನಾಲ್ಕು ತಾಲ್ಲೂಕುಗಳ ಹೊಣೆ ನನ್ನ ಮೇಲಿರುವುದರಿಂದ ಸಂಸ್ಥೆಯ ನಾಯಕತ್ವ ತಂಡದಲ್ಲಿ ನನಗೂ ಒಂದು ಜಾಗವಿದೆ. ನಾಯಕತ್ವ ತಂಡ ಎಂದರೆ ಕೇಳುವವರಿಗೆ ದೊಡ್ಡದಾಗಿ ಕಾಣಬಹುದು. ನಮಗೆ ಅದು ಸಂಜೆ ಹೊತ್ತು ಪರದೆಯ ಮೇಲೆ ಕಾಣುವ ಕೆಲವು ಮುಖಗಳು. ಒಬ್ಬರ ಕಿಟಕಿಯಾಚೆ ಹಿಮ ಬೀಳುತ್ತಿರುತ್ತದೆ, ಇನ್ನೊಬ್ಬರ ಹಿಂದೆ ಫ್ಯಾನು ತಿರುಗುತ್ತಿರುತ್ತದೆ. ಎಲ್ಲಿ ಕೆಲಸ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಆ ಮುಖಗಳು ಮಾತಾಡಿಕೊಂಡು ತೀರ್ಮಾನಿಸುತ್ತವೆ.

ನಮ್ಮ ಮುಖ್ಯಸ್ಥೆ ಪೂರ್ವ ಆಫ್ರಿಕಾದ ದೇಶವೊಂದರಲ್ಲಿ ಹುಟ್ಟಿ ಬೆಳೆದ ವೈದ್ಯೆ. ಮೆಲ್ಲಗೆ, ಒಂದೊಂದೇ ಪದ ಆರಿಸಿಕೊಂಡು ಮಾತಾಡುವ ಹೆಂಗಸು. ಅವರು ಬಂದ ಮೇಲೆ ಒಂದು ಹೊಸ ಪದ್ಧತಿ ತಂದರು. ನಾಯಕತ್ವ ತಂಡದಲ್ಲಿ ಒಂದು ಜಾಗ, ನಾವು ಯಾರಿಗಾಗಿ ಕೆಲಸ ಮಾಡುತ್ತೇವೆ ಎನ್ನುತ್ತೇವೋ ಅವರಿಗೆ ಮೀಸಲಿರಬೇಕು. ಬರೀ ಕೂತು ಕೇಳುವುದಕ್ಕಲ್ಲ, ಓಟು ಹಾಕುವುದಕ್ಕೆ. ಮೊದಲ ಸರದಿ ನಮ್ಮ ಕಡೆಗೆ ಬಂತು. ಜಗಳೂರಿನಲ್ಲಿ ಹೆಂಗಸರ ಸಭೆ ಕರೆದೆವು. ಅವರು ಹೆಚ್ಚು ಚರ್ಚೆ ಮಾಡದೆ, ತಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಇವಳನ್ನೇ ಆರಿಸಿದರು.

ಆರಿಸಿದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಅಕ್ಕನ ಒಬ್ಬಳೇ ಮಗಳು ಮೊದಲ ಹೆರಿಗೆಯಲ್ಲಿ ತೀರಿಹೋಗಿದ್ದಳು. ಹೆರಿಗೆ ಸಲೀಸಾಗಿಯೇ ಆಗಿತ್ತು, ಮಗು ಅತ್ತಿತ್ತು. ಆಮೇಲೆ ರಕ್ತ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲಿ, ಗಾಡಿಯೊಳಗೆ, ತಾಯಿಯ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೋದಳು. ಅಕ್ಕನ ಗಂಡ ಆಗ ಕುರಿ ಹೊಡೆದುಕೊಂಡು ಹೊನ್ನಾಳಿ ಕಡೆ ಹೋಗಿದ್ದ. ಜಗಳೂರಿನ ಕಡೆಯ ಕುರಿಗಾರರು ಕೊಯ್ಲು ಮುಗಿದ ಮೇಲೆ ನೀರಾವರಿ ಸೀಮೆಗೆ ಹೋಗಿ, ಗೊಬ್ಬರಕ್ಕೆಂದು ಗದ್ದೆಗಳಲ್ಲಿ ಮಂದೆ ನಿಲ್ಲಿಸುತ್ತಾರೆ. ಅವನು ಬಂದು ಸೇರುವ ಹೊತ್ತಿಗೆ ಮಗಳ ಮಣ್ಣು ಆಗಿಹೋಗಿತ್ತು. ಅಳಿಯ ಬೇರೆ ಮದುವೆಯಾದ. ಹೆಣ್ಣು ಕೂಸು ಅಜ್ಜಿಯ ಹತ್ತಿರವೇ ಉಳಿಯಿತು.

ಅಕ್ಕ ಯಾರನ್ನೂ ದೂರಲಿಲ್ಲ. “ಡಾಕ್ಟ್ರು ಮಾಡೋದೆಲ್ಲ ಮಾಡಿದ್ರು. ದಾರಿ ಉದ್ದ ಆತು, ಅಷ್ಟೇ” ಅನ್ನುತ್ತಿದ್ದಳು. ಆದರೆ ಅಂದಿನಿಂದ ಜಗಳೂರಿನಲ್ಲಿ ಆಸ್ಪತ್ರೆಯ ಹತ್ತಿರ ಒಂದು ಮನೆ ಬೇಕು, ದೂರದ ಹಳ್ಳಿಯ ಬಸುರಿಯರು ದಿನ ತುಂಬುವ ಮೊದಲೇ ಬಂದು ಅಲ್ಲಿ ಇರುವಂತಾಗಬೇಕು ಎಂದು ಹಟ ಹಿಡಿದಿದ್ದಳು. ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಜಗಳಗಂಟಿ ಎಂದು ಹೆಸರೂ ಬಂದಿತ್ತು. ಹೆಂಗಸರು ಅವಳನ್ನು ಆರಿಸಿದ್ದರಲ್ಲಿ ಆ ಹೆಸರಿನ ಪಾಲೂ ಇತ್ತು ಎಂದು ನನ್ನ ಊಹೆ.

ಮೊದಲ ಸಭೆಯಲ್ಲಿ ಮುಖ್ಯಸ್ಥೆ ಅವಳನ್ನು ಸ್ವಾಗತಿಸಿ, ತನ್ನ ಬಗ್ಗೆ ಏನಾದರೂ ಹೇಳಬೇಕೆಂದು ಕೇಳಿದರು. ಅಕ್ಕ ಮಗಳ ಸಾವನ್ನು ಹೇಳಿದಳು. ನಾನು ವಾಕ್ಯ ವಾಕ್ಯಕ್ಕೂ ಇಂಗ್ಲಿಷಿಗೆ ತಂದೆ. ಪರದೆಯ ಮೇಲಿನ ಮುಖಗಳೆಲ್ಲ ಅಲ್ಲಾಡದೆ ಕೂತವು. ಒಬ್ಬರು ಕಣ್ಣು ಒರೆಸಿಕೊಂಡರು. ಮುಗಿದ ಮೇಲೆ ಕಚೇರಿಯ ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಅವಳು ಹೇಳಿದ್ದು ನನಗೆ ಇನ್ನೂ ನೆನಪಿದೆ.

“ಊರಾಗೆ ಮಗಳ ಹೆಸರು ಎತ್ತಂಗಿಲ್ಲ ರೀ. ಎತ್ತಿದ್ರೆ, ಬಿಡಕ್ಕ, ಆಗಿದ್ದು ಆತು, ಕೂಸಿನ ಮುಖ ನೋಡ್ಕಂಡು ಸಮಾಧಾನ ಮಾಡ್ಕ ಅಂತಾರೆ. ಮನೆಯವ್ರು ಎದ್ದು ಹೊರಗೆ ಹೋಗ್ತಾರೆ. ಇವತ್ತು ಯಾರೂ ಎದ್ದು ಹೋಗ್ಲಿಲ್ಲ. ಪೂರ್ತಿ ಕೇಳಿದ್ರು.”

ಅವಳ ದನಿಯಲ್ಲಿ ಒಂದು ಬಗೆಯ ಹಗುರ ಇತ್ತು. ಒಳ್ಳೆಯದೇ ಆಯಿತು ಎಂದುಕೊಂಡೆ.

ಆದರೆ ಹೇಳುವುದು ಅಲ್ಲಿಗೆ ಮುಗಿಯಲಿಲ್ಲ. ಸಂಸ್ಥೆಗೆ ದೇಣಿಗೆ ತರುವ ಹೊಣೆ ಹೊತ್ತವರು ಯೂರೋಪಿನ ಒಂದು ಊರಿನಲ್ಲಿದ್ದರು. ನೆಟ್ಟಗಿನ, ಬೆಳಗಿನಿಂದ ಸಂಜೆಯವರೆಗೂ ದುಡಿಯುವ ಮನುಷ್ಯ. ದೇಣಿಗೆ ಕೊಡುವವರ ಜೊತೆ ಅವರು ಕರೆದ ಸಭೆಗಳಿಗೆಲ್ಲ ಅಕ್ಕನನ್ನು ಕರೆಯತೊಡಗಿದರು. ಪ್ರತಿ ಸಲವೂ ಅಕ್ಕ ಚನ್ನಗಿರಿಗೆ ಬಂದು, ನನ್ನ ಪಕ್ಕ ಕೂತು, ಅದನ್ನೇ ಹೇಳಿದಳು. ಆ ವರ್ಷ ಹೊನ್ನಾಳಿಯ ಸಮುದಾಯ ಭವನದಲ್ಲಿ ನಾಲ್ಕು ತಾಲ್ಲೂಕಿನ ಹೆಂಗಸರನ್ನು ಸೇರಿಸಿದಾಗ ಕ್ಯಾಮೆರಾದವರು ಬಂದರು. ಅಕ್ಕನನ್ನು ನದಿಯ ಕಡೆಗಿನ ಕಿಟಕಿಯ ಹತ್ತಿರ, ಬೆಳಕಿಗೆ ಮುಖ ಮಾಡಿ ಕೂರಿಸಿದರು. ಅವಳು ಹೇಳಿದಳು. ಕೊನೆಯಲ್ಲಿ, “ಕೂಸು ಬಂತು, ನನ್ನ ಮಗಳು ಹೋದ್ಲು” ಅಂದಳು. ಕ್ಯಾಮೆರಾ ಹಿಡಿದವರು ಆ ಮಾತನ್ನು ಇನ್ನೊಮ್ಮೆ ಹೇಳಲು ಕೇಳಿದರು, ಹೊರಗೆ ಲಾರಿ ಹಾರ್ನ್ ಮಾಡಿ ಶಬ್ದ ಕೆಟ್ಟಿತ್ತು. ಅವಳು ಇನ್ನೊಮ್ಮೆಯೂ ಹೇಳಿದಳು.

ಆ ವಿಡಿಯೊ ಬಹಳ ಜನರನ್ನು ಮುಟ್ಟಿತು. ಅದನ್ನು ನೋಡಿದ ಕುಟುಂಬವೊಂದು, ಯಾವುದೋ ದೂರದ ದೇಶದ್ದು, ನ್ಯಾಮತಿಗೆ ಒಂದು ಗಾಡಿಯನ್ನು ಓಡಿಸುವ ಖರ್ಚು ವಹಿಸಿಕೊಂಡಿತು. ನ್ಯಾಮತಿ ಆಗಷ್ಟೇ ಹೊಸ ತಾಲ್ಲೂಕಾಗಿತ್ತು. ಹಳ್ಳಿಗಳಿಂದ ಬಸುರಿಯರನ್ನು ಹೊತ್ತು ತರುವ ಆ ಬಿಳಿ ಗಾಡಿಯನ್ನು ಹೆಂಗಸರು ‘ನಮ್ಮ ಗಾಡಿ’ ಎಂದೇ ಕರೆಯತೊಡಗಿದರು. ಅಕ್ಕನಿಗೆ ಅದನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಅವಳು ಬಾಗಿಲು ತೆಗೆದು ಒಳಗಿನ ಹಾಸಿಗೆ ಒತ್ತಿ ನೋಡಿ, “ಮೆತ್ತಗೈತೆ” ಅಂದಳು. ಸ್ವಲ್ಪ ಹೊತ್ತಿನ ಮೇಲೆ, “ಜಗಳೂರಿಗೂ ಬರ್ತದಲ್ಲ?” ಅಂತ ಕೇಳಿದಳು. ಬರುತ್ತದೆ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಕೇಳೋಣ ಅಂದೆ.

ಅವಳು ಹೇಳುವ ರೀತಿ ಬದಲಾಗುತ್ತಿರುವುದನ್ನು ಮೊದಲು ಗಮನಿಸಿದವಳು ನಾನೇ ಇರಬೇಕು. ಯಾಕೆಂದರೆ ನನಗೆ ಅವಳ ವಾಕ್ಯಗಳು ಮುಂದಾಗಿಯೇ ಬರತೊಡಗಿದ್ದವು. ಅವಳು ಬಾಯಿ ತೆರೆಯುವ ಮುಂಚೆ ಇಂಗ್ಲಿಷ್ ನನ್ನ ನಾಲಿಗೆಯ ಮೇಲಿರುತ್ತಿತ್ತು. ಅವಳೂ ಅದನ್ನು ಅರಿತಿದ್ದಳು. ಒಂದು ಸಲ ಸಭೆ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ತಟ್ಟನೆ ನಿಂತಳು.

“ನಿಮಗೊಂದು ಮಾತು ಹೇಳ್ತೀನಿ. ಹೇಳ್ತಾ ಹೇಳ್ತಾ ಅವ್ಳ ಮುಖ ಮಸುಕಾಗಾಕೆ ಹತ್ತೈತೆ. ಮಾತು ಬರ್ತವೆ, ಮಗಳು ಬರಂಗಿಲ್ಲ.”

“ಹಾಗಾದ್ರೆ ಮುಂದಿನ ಸಲ ಬೇಡ ಅಕ್ಕ. ನಾನು ಅವರಿಗೆ ಹೇಳ್ತೀನಿ” ಅಂದೆ.

“ಬ್ಯಾಡ. ಜಗಳೂರಿನ ಮನೆ ಆಗ್ಲಿ. ಆಮ್ಯಾಲೆ ನೋಡೋಣ.”

ಮನೆ ಆಗಲಿಲ್ಲ. ಅದಕ್ಕೂ ಮೊದಲೇ ಬೇರೆಯದು ಆಯಿತು.

ಮೊಮ್ಮಗಳು ಆಗ ಒಂದನೇ ಕ್ಲಾಸಿಗೆ ಹೋಗುತ್ತಿದ್ದಳು. ಅವ್ವ ಸತ್ತಿದ್ದಾಳೆ ಎನ್ನುವುದು ಅವಳಿಗೆ ಗೊತ್ತಿತ್ತು, ಹೇಗೆ ಸತ್ತಳು ಎಂದು ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಓಣಿಯ ಇನ್ನೊಂದು ಮನೆಯಲ್ಲಿ ಆಡುತ್ತಿದ್ದಾಗ ಆ ಮನೆಯ ಸೊಸೆ ಫೋನು ಹಿಡಿದು, “ನೋಡೇ, ನಿಮ್ಮಜ್ಜಿ ಬಂದಾಳೆ” ಎಂದು ತೋರಿಸಿದಳಂತೆ. ಅವಳದು ಕೆಟ್ಟ ಬುದ್ಧಿಯೇನಲ್ಲ. ಊರಿನ ಹೆಂಗಸು ಫೋನಿನಲ್ಲಿ ಕಂಡ ಸಂಭ್ರಮ. ಯಾರೋ ವಿಡಿಯೊಗೆ ಶೋಕದ ಹಾಡೊಂದನ್ನು ಜೋಡಿಸಿ ಹಂಚಿದ್ದರು. ಮಗು ಅದನ್ನು ಕೊನೆಯವರೆಗೂ ನೋಡಿತು. ಮನೆಗೆ ಬಂದು ಶೇಂಗಾ ಬಿಡಿಸುತ್ತ ಕೂತಿದ್ದ ಅಜ್ಜಿಯನ್ನು ಕೇಳಿತು.

“ಅಜ್ಜಿ, ನಾನು ಬಂದಿದ್ದಕ್ಕೆ ಅವ್ವ ಹೋದ್ಲಾ?”

ಇದನ್ನು ನನಗೆ ಹೇಳಿದ್ದು ಅಕ್ಕನೇ, ಫೋನಿನಲ್ಲಿ. ಅವಳ ಹಿತ್ತಲಲ್ಲಿ ಕುರಿಮರಿಗಳು ಕೂಗುವುದು ಕೇಳುತ್ತಿತ್ತು. ಆಮೇಲೆ ಅವಳೇ, “ನೀವು ಏನಂದ್ರಿ ಅಂತ ಕೇಳ್ರಿ” ಅಂದಳು.

“ಏನಂದ್ರಿ ಅಕ್ಕ?”

“ಏನೂ ಅನ್ನಾಕೆ ಆಗ್ಲಿಲ್ಲ ರೀ. ಶೇಂಗಾ ತಿನ್ನು ಅಂದೆ.”

ಮುಂದಿನ ಸಭೆಗೆ ಅವಳು ಹೊತ್ತಿಗೆ ಮೊದಲೇ ಬಂದಳು. ಆ ದಿನ ಎರಡು ವಿಷಯಗಳಿದ್ದವು. ಬರುವ ವರ್ಷದ ಕೆಲಸ, ಮತ್ತು ಹೊಸ ದಾನಿಗಳ ಮುಂದೆ ಅಕ್ಕ ಮಾತಾಡುವುದು. ಎರಡನೆಯದು ಬಂದಾಗ ದೇಣಿಗೆಯ ಹೊಣೆಯವರು ಎಂದಿನಂತೆ ಅವಳಿಗೆ ವಂದನೆ ಹೇಳಿ, ಯಾವ ವಾರ ಅನುಕೂಲ ಎಂದು ಕೇಳಿದರು. ನಾನು ಕನ್ನಡಕ್ಕೆ ಹೇಳಿದೆ.

ಅಕ್ಕ ನನ್ನ ಕಡೆ ನೋಡದೆ ಪರದೆಯನ್ನೇ ನೋಡುತ್ತ ಮಾತಾಡಿದಳು. “ನಾನು ಇನ್ನು ಅದನ್ನ ಹೇಳಂಗಿಲ್ಲ. ಆ ವಿಡಿಯೊನೂ ತೆಗೆದುಹಾಕ್ರಿ. ನನ್ನ ಮೊಮ್ಮಗಳು ಅದನ್ನ ನೋಡ್ಯಾಳೆ. ತಾನೇ ಅವ್ವನ್ನ ಕೊಂದೆ ಅಂತ ತಿಳ್ಕಂಡಾಳೆ. ರಾತ್ರಿ ಪಕ್ಕದಾಗೆ ಮಲಗಿದ್ರೆ ಮೈಮುಟ್ಟಾಕೆ ಬಿಡಂಗಿಲ್ಲ.”

ಕೊನೆಯ ವಾಕ್ಯ ನನಗೂ ಹೊಸದಾಗಿತ್ತು. ಅದನ್ನು ಇಂಗ್ಲಿಷಿಗೆ ತರುವಾಗ ನಡುವೆ ನಿಂತೆ. ನೀರು ಕುಡಿದು ಮುಗಿಸಿದೆ.

ದೇಣಿಗೆಯ ಹೊಣೆಯವರು ತಲೆ ತಗ್ಗಿಸಿ ಕೂತರು. ಕ್ಷಮೆ ಕೇಳಿದರು. ಆಮೇಲೆ, ಬಹಳ ಕಷ್ಟಪಟ್ಟು, ತಾವು ಹೇಳಲೇಬೇಕಾದದ್ದನ್ನು ಹೇಳಿದರು. ನ್ಯಾಮತಿಯ ಗಾಡಿ ಓಡುತ್ತಿರುವುದು ಆ ವಿಡಿಯೊದಿಂದ. ಅದನ್ನು ತೆಗೆದರೆ, ಹೊಸದಾಗಿ ಬರುವವರಿಗೆ ತೋರಿಸಲು ತಮ್ಮ ಕೈಯಲ್ಲಿ ಅಷ್ಟು ಬಲವಾದದ್ದು ಬೇರೇನೂ ಇಲ್ಲ. ಗಾಡಿ ನಿಲ್ಲಬಹುದು. ಮುಖ ಮಸುಕು ಮಾಡಿ ಉಳಿಸಿಕೊಳ್ಳಬಹುದೇ ಎಂದು ಕೇಳಿದರು.

“ಧ್ವನಿ ನಂದೇ ಅಲ್ಲೇನು?” ಅಂದಳು ಅಕ್ಕ.

ಇನ್ನೊಬ್ಬ ಸದಸ್ಯರು, ಇದನ್ನು ಓಟಿಗೆ ಹಾಕೋಣ ಎಂದರು. ತಂಡದಲ್ಲಿ ಎಲ್ಲವೂ ಹಾಗೆಯೇ ತೀರ್ಮಾನವಾಗುತ್ತಿತ್ತು. ನಾನು ಅದನ್ನೂ ಕನ್ನಡಕ್ಕೆ ಹೇಳಿದೆ. ಅಕ್ಕ ಎದ್ದು ನಿಂತಳು. ಪರದೆಯಲ್ಲಿ ಅವರಿಗೆ ಅವಳ ಸೀರೆಯ ನೆರಿಗೆ ಮಾತ್ರ ಕಾಣುತ್ತಿದ್ದಿರಬೇಕು.

“ನನ್ನ ಮಗಳ ಸಾವಿಗೆ ಓಟು ಹಾಕ್ತೀರೇನು? ಹಾಕ್ಕಳ್ರಿ” ಎಂದು ಹೇಳಿ ಹೊರಗೆ ಹೋದಳು.

ನಾನು ಅದನ್ನು ಇದ್ದಂತೆಯೇ ಇಂಗ್ಲಿಷಿಗೆ ತಂದೆ. ಮೆತ್ತಗೆ ಮಾಡಲಿಲ್ಲ. ಆಮೇಲೆ, ಅನುವಾದಕಿಯಾಗಿ ಅಲ್ಲ, ಸದಸ್ಯೆಯಾಗಿ ನನ್ನದೂ ಒಂದು ಮಾತಿದೆ ಎಂದೆ. ವಿಡಿಯೊ ತೆಗೆಯಬೇಕು, ಓಟಿಲ್ಲದೆ ತೆಗೆಯಬೇಕು, ನ್ಯಾಮತಿಯ ಗಾಡಿ ನಿಂತರೆ ಅಲ್ಲಿಯ ಹೆಂಗಸರ ಮುಂದೆ ಹೋಗಿ ನಿಲ್ಲುವವಳು ನಾನು, ಅದು ನನಗೆ ಗೊತ್ತಿದೆ ಎಂದೆ. ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನ್ನ ಮಗುವಾಗಿದ್ದರೆ ನಾವು ಓಟು ಹಾಕುತ್ತಿದ್ದೆವೆ?” ಎಂದು ಮಾತ್ರ ಕೇಳಿದರು. ಅದೇ ದಿನ ವಿಡಿಯೊ ತೆಗೆದುಹಾಕಿಸಿದರು.

ನಾನು ಕೆಳಗಿಳಿದಾಗ ಅಕ್ಕ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದಳು. ಮುಂದಿಟ್ಟ ಚಹಾ ಆರಿಹೋಗಿತ್ತು. ತೆಗೆಯುತ್ತಾರಂತೆ ಎಂದು ಹೇಳಿದೆ.

“ಎಲ್ಲಾರ ಫೋನ್‌ನಾಗಿಂದನೂ ಹೋಗ್ತದಾ?”

“ನಮ್ಮದು ಹೋಗುತ್ತೆ ಅಕ್ಕ. ಬೇರೆಯವರು ಇಟ್ಟುಕೊಂಡಿರೋದು ನಮ್ಮ ಕೈಯಲ್ಲಿಲ್ಲ.”

ಅವಳು ತಲೆಯಾಡಿಸಿದಳು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತೇನೋ. ಆ ಹೆಂಗಸಿಗೆ ಸುಳ್ಳು ಹೇಳುವುದು ನನ್ನಿಂದಾಗುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಮುಖ್ಯಸ್ಥೆ ನಮ್ಮ ಕಡೆಗೆ ಬಂದರು. ನಾಲ್ಕೂ ತಾಲ್ಲೂಕು ನೋಡುವ ಕಾರ್ಯಕ್ರಮವಿತ್ತು. ಆದರೆ ದಾವಣಗೆರೆಯಲ್ಲಿ ರೈಲು ಇಳಿದವರೇ, “ಮೊದಲು ಜಗಳೂರು” ಅಂದರು. ಬಿಸಿಲು ಏರುವ ಮುಂಚೆ ಹೊರಟೆವು. ಕಟಾವಾದ ಮೆಕ್ಕೆಜೋಳದ ಹೊಲಗಳು ರಸ್ತೆಯ ಎರಡೂ ಕಡೆ ಬೂದಿಬಣ್ಣಕ್ಕೆ ತಿರುಗಿದ್ದವು. ಅವರು ಕಿಟಕಿಯಿಂದ ಹೊರಗೆ ನೋಡುತ್ತಲೇ ಇದ್ದರು. ಗಾಡಿ ಬಹಳ ದೂರ ಬಂದ ಮೇಲೆ, “ಅವರ ಮಗಳು ಈ ದಾರಿಯಲ್ಲೇ ತೀರಿಕೊಂಡಳೇ?” ಎಂದು ಕೇಳಿದರು. ಹೌದೆಂದೆ. ಎಲ್ಲಿ ಎಂದು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ. ಅಷ್ಟು ಸಲ ಆ ಕಥೆಯನ್ನು ಇಂಗ್ಲಿಷಿಗೆ ತಂದಿದ್ದರೂ ಯಾವ ಜಾಗ ಎಂದು ನಾನು ಎಂದೂ ಕೇಳಿರಲಿಲ್ಲ.

ಅಕ್ಕನ ಮನೆಯ ಮುಂದೆ ಬೇವಿನ ಮರದ ನೆರಳಲ್ಲಿ ಕಂಬಳಿ ಹಾಸಿತ್ತು. ಅವಳ ಗಂಡ, ಎತ್ತರದ, ಮಾತು ಕಡಿಮೆಯ ಮನುಷ್ಯ, ಕೈ ಮುಗಿದು ಕುರಿಗಳ ಕಡೆ ಹೋದ. ಅಕ್ಕ ಮಜ್ಜಿಗೆ ಕೊಟ್ಟಳು. ಮುಖ್ಯಸ್ಥೆ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡೇ ಕ್ಷಮೆ ಕೇಳಿದರು. ದೊಡ್ಡ ಮಾತುಗಳೇನೂ ಇರಲಿಲ್ಲ. ನಿಮ್ಮನ್ನು ತಂಡಕ್ಕೆ ಕರೆದದ್ದು ನಿಮ್ಮ ತೀರ್ಮಾನ ಕೇಳುವುದಕ್ಕೆ, ಆದರೆ ನಾವು ನಿಮ್ಮ ದುಃಖವನ್ನು ಮಾತ್ರ ಕೇಳುತ್ತ ಕೂತೆವು ಎಂದರು. ನಾನು ಅದನ್ನು ಕನ್ನಡಕ್ಕೆ ತಂದೆ.

ಅಕ್ಕ ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. “ಮಜ್ಜಿಗೆ ಕುಡೀರಿ, ಬಿಸ್ಲಾಗೆ ಬಂದೀರಿ” ಅಂದಳು.

ಮೊಮ್ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್. ಹೊಸ ಹೆಂಗಸನ್ನು ಕಣ್ಣಗಲಿಸಿ ನೋಡುತ್ತಿದ್ದಳು. ಅಕ್ಕ ಅವಳನ್ನು ಹತ್ತಿರ ಕರೆದಳು. ಬರಲಿಲ್ಲ. ಮತ್ತೆ ಕರೆದಳು. ಬಂದು, ಅಜ್ಜಿಗೆ ತಾಗದ ಹಾಗೆ ಕಂಬಳಿಯ ತುದಿಯಲ್ಲಿ ಕೂತಳು. ಆ ನಡುವಿನ ಜಾಗವನ್ನು ಮುಖ್ಯಸ್ಥೆಯೂ ನೋಡಿದರು, ನಾನೂ ನೋಡಿದೆ.

ಆಗ ಅಕ್ಕ ಮಾತಾಡತೊಡಗಿದಳು. ಯಾರೂ ಕೇಳಿರಲಿಲ್ಲ. ಮಗುವಿನ ಮುಖ ನೋಡದೆ, ತನ್ನ ಕೈಯನ್ನೇ ನೋಡಿಕೊಳ್ಳುತ್ತ ಶುರುಮಾಡಿದಳು. ನಾನು ಅಭ್ಯಾಸಬಲದಿಂದ ಮುಖ್ಯಸ್ಥೆಯ ಕಡೆ ವಾಲಿ, ಮೊದಲ ವಾಕ್ಯವನ್ನು ಇಂಗ್ಲಿಷಿನಲ್ಲಿ ಪಿಸುಗುಟ್ಟಲು ಬಾಯಿ ತೆರೆದೆ. ಅಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಇದನ್ನ ಅವರಿಗೆ ಹೇಳಬ್ಯಾಡ್ರಿ. ಇದು ಕೂಸಿಗೆ.”

ನಾನು ಮುಖ್ಯಸ್ಥೆಗೆ ಅಷ್ಟನ್ನೇ ಹೇಳಿದೆ. ಅವರು ತಲೆಯಾಡಿಸಿ, ಲೋಟ ಕೆಳಗಿಟ್ಟು, ಕೈಕಟ್ಟಿ ಕೂತರು.

ಅಕ್ಕ ಬಹಳ ಹೊತ್ತು ಹೇಳಿದಳು. ಸಭೆಗಳಲ್ಲಿ ಹೇಳುತ್ತಿದ್ದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಹೇಗಿದ್ದಳು ಎನ್ನುವುದರಿಂದ ಹಿಡಿದು, ಈ ಕೂಸು ಹೊಟ್ಟೆಯಲ್ಲಿದ್ದಾಗ ಏನೇನು ಅಂದುಕೊಂಡಿದ್ದಳು ಎನ್ನುವವರೆಗೆ. ಸಾವನ್ನೂ ಹೇಳಿದಳು, ಬಚ್ಚಿಡಲಿಲ್ಲ, ಆದರೆ ಬೇರೆ ರೀತಿ ಹೇಳಿದಳು. ಅವಳು ನನಗೆ ಬೇಡ ಎಂದಳಲ್ಲ, ಅದನ್ನು ಇಲ್ಲಿಯೂ ಬರೆಯುವುದಿಲ್ಲ. ನಡುವೆ ಒಂದು ಕಡೆ ಮಗು ನಕ್ಕಿತು, ಅಷ್ಟನ್ನು ಹೇಳಬಹುದು. ಒಂದು ಕಡೆ “ನಿಜವಾಗ್ಲೂ?” ಎಂದು ಕೇಳಿತು. “ನಿಮ್ಮವ್ವನ ಆಣೆಗೂ” ಅಂದಳು ಅಕ್ಕ.

ಮುಖ್ಯಸ್ಥೆಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ಅವರು ಮಿಸುಕದೆ ಕೂತಿದ್ದರು. ನೊಣ ಬಂದು ಮುಖದ ಮೇಲೆ ಕೂತರೂ ಓಡಿಸಲಿಲ್ಲ.

ಮಾತು ಮುಗಿದ ಮೇಲೆ ಮಗು ಎದ್ದು ಒಳಗೆ ಹೋಯಿತು. ಓಡಿಬಂದು ಅಜ್ಜಿಯನ್ನು ತಬ್ಬಿಕೊಳ್ಳುವುದೆಲ್ಲ ಏನೂ ನಡೆಯಲಿಲ್ಲ. ನಾವು ಊಟ ಮಾಡಿ, ಹೊರಡಲು ಗಾಡಿಯ ಬಾಗಿಲು ತೆಗೆಯುವಾಗ ನೋಡಿದರೆ, ಇನ್ನೊಂದು ರಿಬ್ಬನ್ ಹಿಡಿದುಕೊಂಡು ಅಜ್ಜಿಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಅಕ್ಕ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ನಮಗೆ ತಲೆ ಅಲ್ಲಾಡಿಸಿ ಹೋಗಿಬನ್ನಿ ಎಂದಳು, ಕೈ ಬಿಡುವಿರಲಿಲ್ಲ.

ಇದನ್ನು ಇಲ್ಲಿಗೆ ನಿಲ್ಲಿಸಿದರೆ ಎಲ್ಲವೂ ಸರಿಹೋಯಿತು ಎಂದಂತಾಗುತ್ತದೆ. ಹಾಗೆ ಆಗಲಿಲ್ಲ. ದೇಣಿಗೆಯ ಹೊಣೆಯವರು ಹೇಳಿದ್ದು ಸುಳ್ಳಾಗಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ನ್ಯಾಮತಿಯ ಗಾಡಿ ನಿಂತಿತು. ಆ ಕುಟುಂಬ ತನ್ನ ನೆರವನ್ನು ಮುಂದುವರಿಸಲಿಲ್ಲ, ಹೊಸಬರು ಸಿಗಲಿಲ್ಲ. ನಾನು ನ್ಯಾಮತಿಗೆ ಹೋಗಿ ಹೆಂಗಸರಿಗೆ ಹೇಳಬೇಕಾಗಿತ್ತು. ಅದಕ್ಕಿಂತ ಮೊದಲು ಜಗಳೂರಿಗೆ ಫೋನು ಮಾಡಿದೆ. ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಲಿ ಎಂದು.

ಅಕ್ಕ, “ನಾನೂ ಬರ್ತೀನಿ” ಅಂದಳು.

“ನೀವು ಬರೋದು ಬೇಡ ಅಕ್ಕ. ಇದು ಸಂಸ್ಥೆಯ ತೀರ್ಮಾನ.”

“ನಾನೂ ಸಂಸ್ಥೆ ಅಲ್ಲೇನು? ಮೆಂಬರ್ ಅಂತ ನೀವೇ ಹೇಳೀರಿ.”

ನ್ಯಾಮತಿಯಲ್ಲಿ ಶಾಲೆಯ ಒಂದು ಕೋಣೆಯಲ್ಲಿ ಹೆಂಗಸರು ಸೇರಿದ್ದರು. ಹೊರಗೆ ಜಿಟಿಜಿಟಿ ಮಳೆ. ನಾನು ಗಾಡಿ ನಿಂತ ವಿಷಯ ಹೇಳಿದೆ. ಹಣ ಬರಲಿಲ್ಲ ಎಂದೆ, ಕಾರಣ ಹೇಳಲಿಲ್ಲ. ಅಕ್ಕ ಕೂತಲ್ಲಿಂದಲೇ ಕಾರಣವನ್ನು ಹೇಳಿಬಿಟ್ಟಳು. ವಿಡಿಯೊ ತೆಗೆದುಹಾಕಿಸಿದ್ದು ತಾನು, ಯಾಕೆ ತೆಗೆಯಿಸಿದೆ ಎನ್ನುವುದನ್ನೂ ಹೇಳಿದಳು.

ದಿನ ತುಂಬುತ್ತ ಬಂದಿದ್ದ ಒಬ್ಬ ಹೆಂಗಸು, ಗೋಡೆಗೆ ಒರಗಿ ಕೂತವಳು, ಕೇಳಿದಳು. “ನಿಮ್ಮ ಮೊಮ್ಮಗಳಿಗೆ ನೋವಾಗ್ತದೆ ಅಂತ ನಮ್ಮ ಗಾಡಿ ನಿಲ್ಬೇಕಾ? ನಾಳೆ ನಂಗೆ ಹಂಗೇ ಆದ್ರೆ?”

ನನಗೆ ನಡುವೆ ಬಾಯಿ ಹಾಕಬೇಕೆನ್ನಿಸಿತು. ಅಕ್ಕ ಅವಕಾಶ ಕೊಡಲಿಲ್ಲ.

“ಆಗಬಾರದು ತಾಯಿ. ಹಂಗೇನಾರ ಆದ್ರೆ ನನ್ನ ಮ್ಯಾಲೆ ತಪ್ಪು ಹೊರಿಸು, ಕೇಳ್ತೀನಿ. ನಂಗೆ ಬ್ಯಾರೆ ದಾರಿ ಕಾಣ್ಲಿಲ್ಲ.”

ಆ ಹೆಂಗಸು ಮುಖ ತಿರುಗಿಸಿದಳು. ಅಕ್ಕ ಆ ದಿನವೇ ಊರಿಗೆ ಹೊರಡಲಿಲ್ಲ. ಅವಳ ಗಂಡ ಮಂದೆ ನಿಲ್ಲಿಸುತ್ತಿದ್ದ ಗದ್ದೆಗಳ ಮಾಲೀಕರು ಹೊನ್ನಾಳಿ, ನ್ಯಾಮತಿ ಸುತ್ತಮುತ್ತ ಇದ್ದರು. ವರ್ಷಗಳಿಂದ ಬಳಕೆಯ ಮನೆಗಳು. ಅವಳು ಆ ಮನೆಗಳಿಗೆ ಹೋದಳು, ನನ್ನನ್ನೂ ಎಳೆದುಕೊಂಡು ಹೋದಳು. ಕಾರು, ಜೀಪು ಇದ್ದವರ ಮುಂದೆ ಕೂತು, ಹೆರಿಗೆ ನೋವು ಬಂದ ಹೆಂಗಸಿಗೆ ಫೋನು ಬಂದರೆ ಗಾಡಿ ಕಳಿಸುತ್ತೀರಾ ಎಂದು ಕೇಳಿದಳು. ಕೆಲವರು ಒಪ್ಪಿದರು. ಕೆಲವರು ಕಾಫಿ ಕೊಟ್ಟು ಕಳಿಸಿದರು. ಒಬ್ಬರು, ಕುರಿ ಕಾಯುವವರಿಗೆ ಇದೆಲ್ಲ ಯಾಕೆ ಎಂದರು. ಅವಳು ಅವರ ಜೊತೆ ಗೇಟಿನಲ್ಲೇ ಜಗಳವಾಡಿ ಬಂದಳು. ಅವರ ಗದ್ದೆಯಲ್ಲಿ ಅವಳ ಗಂಡನ ಮಂದೆ ಮತ್ತೆ ನಿಲ್ಲಲಿಲ್ಲ.

ಆ ಏರ್ಪಾಟು ಕುಂಟುತ್ತ ನಡೆಯಿತು. ಗೋಡೆಗೆ ಒರಗಿ ಕೂತಿದ್ದ ಆ ಹೆಂಗಸಿಗೆ ಸುಖವಾಗಿ ಹೆರಿಗೆಯಾಯಿತು. ಅವಳು ಹೋದದ್ದು ತನ್ನ ತಮ್ಮನ ಆಟೊದಲ್ಲಿ. ಅಕ್ಕನಿಗೆ ಸುದ್ದಿ ಹೇಳಿದಾಗ, ಬದುಕಿದೆ ಎಂಬಂತೆ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ಮಳೆಗಾಲ ಮುಗಿದ ಮೇಲೆ ದೇಣಿಗೆಯ ಹೊಣೆಯವರು ಬೇರೆ ಕಡೆಯಿಂದ ನೆರವು ಹೊಂದಿಸಿದರು, ಗಾಡಿ ಮತ್ತೆ ಓಡಿತು. ಅದಕ್ಕಾಗಿ ಅವರು ಎಷ್ಟು ಬಾಗಿಲು ತಟ್ಟಿದರೆಂದು ನನಗೆ ಗೊತ್ತು. ಸಭೆಯಲ್ಲಿ ಆ ಸುದ್ದಿ ಹೇಳಿದಾಗ ಅವರು ಮೊದಲು ನೋಡಿದ್ದು ಅಕ್ಕನ ಕಡೆಗೆ. ಅಕ್ಕ ಕೈ ಮುಗಿದಳು. ಅವರೂ ಮುಗಿದರು, ಸ್ವಲ್ಪ ಅಭ್ಯಾಸವಿಲ್ಲದವರ ಹಾಗೆ.

ಆಮೇಲೆ ತಂಡದಲ್ಲಿ ಒಂದು ನಿಯಮವಾಯಿತು. ಯಾರನ್ನೂ ತಮ್ಮ ಮನೆಯ ಸಾವಿನ ಬಗ್ಗೆ ಹೇಳಲು ಕೇಳಬಾರದು. ತಾವಾಗಿ ಹೇಳಿದರೆ ಕೇಳಬೇಕು, ಹಂಚಬಾರದು. ಅದನ್ನು ಬರೆದವರು ಮುಖ್ಯಸ್ಥೆ. ನಾನು ಕನ್ನಡದಲ್ಲಿ ಓದಿ ಹೇಳಿದಾಗ ಅಕ್ಕ, “ಮೊದ್ಲೇ ಇರಬೇಕಿತ್ತು” ಅಂದಳು. ನಾನು ಅದನ್ನೂ ಇಂಗ್ಲಿಷಿಗೆ ತಂದೆ.

ಜಗಳೂರಿನ ಮನೆಯ ವಿಷಯ ಕಳೆದ ಸಭೆಯಲ್ಲಿ ಓಟಿಗೆ ಬಂತು. ಅಕ್ಕ ಈ ಸಲ ಮಗಳ ಮಾತೆತ್ತಲಿಲ್ಲ. ಹಳ್ಳಿಗಳ ದೂರ, ಬಸ್ಸಿನ ಹೊತ್ತು, ಹೆಂಗಸರು ಮನೆ ಬಿಟ್ಟು ಬರಲು ಯಾಕೆ ಹಿಂಜರಿಯುತ್ತಾರೆ ಎನ್ನುವುದನ್ನೆಲ್ಲ ಹೇಳಿದಳು. ಚೆನ್ನಾಗಿಯೇ ವಾದಿಸಿದಳು. ನಡುವೆ ಚನ್ನಗಿರಿಗೆ ಎಲ್ಲ ಸೌಲಭ್ಯ ಇದೆ ಎಂದು ನನಗೇ ಚುಚ್ಚಿದಳು. ಆದರೂ ಸೋತಳು. ಬೇರೆ ದೇಶದ ಒಂದು ಊರಿನ ಅಗತ್ಯ ಇದಕ್ಕಿಂತ ತುರ್ತಾದದ್ದು ಎಂದು ಹೆಚ್ಚು ಜನ ಒಪ್ಪಿದರು. ಮುಖ್ಯಸ್ಥೆಯ ಓಟೂ ಅತ್ತಲೇ ಬಿತ್ತು. ನನ್ನದು ಜಗಳೂರಿಗೆ.

ಸಭೆ ಮುಗಿದ ಮೇಲೆ ಬಸ್ಸಿನಲ್ಲಿ ದಾವಣಗೆರೆಯವರೆಗೂ ಅವಳ ಜೊತೆ ಹೋದೆ. ಸಂತೇಬೆನ್ನೂರು ದಾಟುವವರೆಗೂ ಅವಳು ಕಿಟಕಿಗೆ ಹಣೆ ಹಚ್ಚಿಕೊಂಡು ಕೂತಿದ್ದಳು. ಸಂತೆಯ ದಿನ. ಬಸ್ಸಿನ ತುಂಬ ಚೀಲ, ಬುಟ್ಟಿ, ಮಾತು.

“ಆ ದೊಡ್ಡಮ್ಮಾರು ನಮ್ಮನೆ ಮಜ್ಜಿಗೆ ಕುಡಿದು ಹೋಗಿ, ಓಟು ಬ್ಯಾರೆ ಕಡೆ ಹಾಕಿದ್ರು ನೋಡ್ರಿ” ಅಂದಳು ಕೊನೆಗೆ.

“ಆ ಊರಲ್ಲೂ ಹೆಂಗಸರು ದಾರೀಲಿ ಸಾಯ್ತಾ ಇದ್ದಾರೆ ಅಕ್ಕ.”

“ಗೊತ್ತೈತೆ. ಅದಕ್ಕೇ ಬೈಯಾಕೂ ಆಗವಲ್ದು.” ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. “ಮುಂದಿನ ಮೀಟಿಂಗು ಯಾವಾಗ?”

ಹೇಳಿದೆ. ಅವಳು ಬಾಯಲ್ಲೇ ಎರಡು ಸಲ ಆ ದಿನವನ್ನು ಹೇಳಿಕೊಂಡು, ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲ ಕಡೆ ನಡೆದಳು. ಜಗಳೂರಿನ ಬಸ್ಸು ಹೊರಡುವ ಹೊತ್ತಾಗಿತ್ತು.